ಚರ್ಮಕ್ಕೊಂದು ಚೀಟಿ, ಸಕ್ಕರೆಗೊಂದು ಚೀಟಿ

ಸೋರಿಯಾಸಿಸ್ ಬಗ್ಗೆ ನಮ್ಮ ಜಿಲ್ಲಾ ಪತ್ರಿಕೆಗಳಲ್ಲಿ ಓದಲು ಸಿಗುವುದು ಎರಡೇ ಬಗೆಯ ಬರಹ. ಒಂದು, ಆರೋಗ್ಯ ಪುರವಣಿಯ ಮೂಲೆಯಲ್ಲಿ ಬರುವ ಪ್ರಶ್ನೋತ್ತರ. ಮೊಣಕೈ ಮೇಲೆ ಬಿಳಿ ಹೊಟ್ಟು ಏಳುತ್ತದೆ, ಏನು ಮಾಡಲಿ ಎಂದು ಯಾರೋ ಕೇಳುತ್ತಾರೆ. ಚರ್ಮ ಒಣಗದಂತೆ ನೋಡಿಕೊಳ್ಳಿ, ತಜ್ಞರನ್ನು ಕಾಣಿ ಎಂದು ಉತ್ತರ ಬರುತ್ತದೆ. ಇನ್ನೊಂದು, ಒಳಪುಟದ ಅಡಿಯಲ್ಲಿ ದಪ್ಪಕ್ಷರದ ಜಾಹೀರಾತು. ಸೋರಿಯಾಸಿಸ್, ಇಸುಬು, ತೊನ್ನು ಬುಡಸಮೇತ ಗುಣ, ನಮ್ಮ ವೈದ್ಯರು ಪ್ರತಿ ತಿಂಗಳ ಎರಡನೇ ಭಾನುವಾರ ಬಸ್ ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ಸಿಗುತ್ತಾರೆ, ಬರುವಾಗ ಹಳೇ ರಿಪೋರ್ಟ್ ತನ್ನಿ.

ಒಂದು ಸುಳ್ಳು ಹೇಳುತ್ತದೆ, ಇನ್ನೊಂದು ಹೇಳುವುದಿಲ್ಲ. ಆದರೆ ಎರಡೂ ಒಪ್ಪಿಕೊಂಡಿರುವ ಮಾತೊಂದಿದೆ: ಸೋರಿಯಾಸಿಸ್ ಅಂದರೆ ಚರ್ಮ, ಅಷ್ಟೇ. ಸರ್ಕಾರಿ ಆಸ್ಪತ್ರೆಯ ಹೊರರೋಗಿ ಚೀಟಿಯೂ ಅದನ್ನೇ ಹೇಳುತ್ತದೆ. ಚರ್ಮದವರು ಹನ್ನೊಂದನೇ ಕೊಠಡಿ, ಬಿಪಿ ಶುಗರ್‌ನವರು ನಾಲ್ಕನೇ ಕೊಠಡಿ. ಮೈಮೇಲೆ ಕೆಂಪು ಚಕ್ಕಳ ಎದ್ದವನಿಗೆ ನಾಲ್ಕನೇ ಕೊಠಡಿಗೂ ಒಮ್ಮೆ ಹೋಗಿ ಬಾ ಎಂದು ಯಾರೂ ಹೇಳುವುದಿಲ್ಲ. ನಮ್ಮ ತಕರಾರು ಇರುವುದು ಇದರ ಮೇಲೆ. ಈ ಎರಡು ಕೊಠಡಿಗಳ ನಡುವಿನ ಗೋಡೆ ಆಸ್ಪತ್ರೆಯ ಅನುಕೂಲಕ್ಕೆ ಕಟ್ಟಿದ್ದು. ರೋಗಿಯ ದೇಹದೊಳಗೆ ಅಂಥ ಗೋಡೆ ಇಲ್ಲ. ಇಲ್ಲ ಅನ್ನುವುದು ಗೊತ್ತಾಗಿ ಇಪ್ಪತ್ತು ವರ್ಷ ಆಯಿತು.

ಮೊದಲು ರೋಗ ಏನು ಅನ್ನುವುದನ್ನು ನೋಡಿಬಿಡೋಣ, ಯಾಕೆಂದರೆ ಊರಲ್ಲಿ ಇನ್ನೂ ಗಜಕರ್ಣವನ್ನೂ ಇಸುಬನ್ನೂ ಇದನ್ನೂ ಒಂದೇ ಬುಟ್ಟಿಗೆ ಹಾಕುತ್ತಾರೆ. ಸೋರಿಯಾಸಿಸ್ ಹುಳದಿಂದ ಬರುವುದಲ್ಲ. ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಅಂಟುವುದಲ್ಲ. ನಾಗರ ಕಲ್ಲಿಗೆ ಅಪಚಾರ ಮಾಡಿದ್ದಕ್ಕೆ ಬರುವುದೂ ಅಲ್ಲ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ಶತ್ರು ಇಲ್ಲದ ಕಡೆಯೂ ಯುದ್ಧ ಸಾರಿಬಿಡುತ್ತದೆ. ಚರ್ಮದ ಕೋಶ ಕೆಳಗಿನ ಪದರದಲ್ಲಿ ಹುಟ್ಟಿ, ಮೇಲೆ ಬಂದು ಉದುರಲು ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್ ಇದ್ದ ಕಡೆ ಇದೆಲ್ಲ ಮೂರರಿಂದ ಐದು ದಿನಗಳಲ್ಲಿ ಮುಗಿಯುತ್ತದೆ. ಹಣ್ಣಾಗದ ಕೋಶಗಳು ಒಂದರ ಮೇಲೊಂದು ಪೇರಿಕೊಂಡು ಬೆಳ್ಳಿ ಬಣ್ಣದ ಹೊಟ್ಟಾಗುತ್ತವೆ. ಕೆಳಗೆ ಕೆಂಪಗೆ ಉರಿ. ನಾವು ಕಣ್ಣಿಂದ ನೋಡುವುದು ಇಷ್ಟನ್ನೇ.

ಕಾಣದಿರುವುದು ರಕ್ತದಲ್ಲಿ ಇರುತ್ತದೆ. ಈ ಉರಿಯೂತವನ್ನು ನಡೆಸುವ ಟಿಎನ್‌ಎಫ್, ಇಂಟರ್‌ಲ್ಯೂಕಿನ್-17, ಇಂಟರ್‌ಲ್ಯೂಕಿನ್-23 ಮುಂತಾದ ಪ್ರೋಟೀನುಗಳು ಮೊಣಕೈ ಹತ್ತಿರವೇ ಕೂತಿರುವುದಿಲ್ಲ. ಅವು ಮೈಯೆಲ್ಲ ಓಡಾಡುತ್ತವೆ. ಟಿಎನ್‌ಎಫ್ ಜಾಸ್ತಿಯಾದರೆ ಇನ್ಸುಲಿನ್ ಹೇಳಿದ ಮಾತನ್ನು ಸ್ನಾಯು, ಯಕೃತ್ತು ಕೇಳುವುದು ಕಡಿಮೆಯಾಗುತ್ತದೆ. ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ರಕ್ತನಾಳಗಳ ಒಳಗೋಡೆಗೂ ಅದೇ ಉರಿ ತಟ್ಟುತ್ತದೆ. ಇತ್ತ ಹೊಟ್ಟೆಯೊಳಗಿನ ಕೊಬ್ಬು ಸುಮ್ಮನೆ ಬಿದ್ದಿರುವ ಹಿಟ್ಟಿನ ಮೂಟೆಯಲ್ಲ. ಅದೂ ಟಿಎನ್‌ಎಫ್, ಇಂಟರ್‌ಲ್ಯೂಕಿನ್-6, ಲೆಪ್ಟಿನ್‌ಗಳನ್ನು ರಕ್ತಕ್ಕೆ ಬಿಡುತ್ತದೆ, ಅಂದರೆ ಚರ್ಮದ ಬೆಂಕಿಗೆ ಇನ್ನಷ್ಟು ಪುಳ್ಳೆ ಹಾಕುತ್ತದೆ. ಹಾಗಾಗಿ ಇದು ಒಂದೇ ದಿಕ್ಕಿನ ರಸ್ತೆ ಅಲ್ಲ. ಅಮೆರಿಕದಲ್ಲಿ ದಾದಿಯರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದರ 2007ರ ವರದಿಯಲ್ಲಿ, ತೂಕ ಹೆಚ್ಚಿದ್ದವರಿಗೆ ಮುಂದೆ ಸೋರಿಯಾಸಿಸ್ ಬರುವ ಸಂಭವ ಹೆಚ್ಚು ಎಂದು ಕಂಡುಬಂತು. ಸೋರಿಯಾಸಿಸ್ ಇರುವವರಲ್ಲಿ ಮಧುಮೇಹ ಹೆಚ್ಚು ಅನ್ನುವುದು ಇನ್ನೊಂದು ದಿಕ್ಕು. ಇದರ ಜೊತೆಗೆ ಕೀಲುಗಳ ಕಥೆ ಬೇರೆ. ಸೋರಿಯಾಸಿಸ್ ಇರುವವರಲ್ಲಿ ಒಂದು ಪಾಲು ಜನಕ್ಕೆ ಬೆರಳು, ಮಂಡಿ, ಸೊಂಟ, ಹಿಮ್ಮಡಿ ಹಿಡಿದುಕೊಳ್ಳುವ ಸಂಧಿವಾತವೂ ಬರುತ್ತದೆ. ನಡೆಯಲಾಗದವನು ಕೂರುತ್ತಾನೆ, ಕೂತವನ ಹೊಟ್ಟೆ ಬೆಳೆಯುತ್ತದೆ.

ಸಂಖ್ಯೆ ಕೇಳುವವರಿಗೆ ಸಂಖ್ಯೆಯೂ ಇದೆ. 2006ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ 'ಜಾಮಾ'ದಲ್ಲಿ ಬ್ರಿಟನ್ನಿನ ಸಾಮಾನ್ಯ ವೈದ್ಯರ ದಾಖಲೆಗಳನ್ನು ಆಧರಿಸಿದ ಅಧ್ಯಯನ ಬಂತು. ಸೋರಿಯಾಸಿಸ್ ಇದ್ದ 1,30,000ದಷ್ಟು ಜನರ ದಾಖಲೆ. ವಯಸ್ಸು, ಬೀಡಿ ಸಿಗರೇಟು, ಬಿಪಿ, ಸಕ್ಕರೆ, ತೂಕ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಹೃದಯಾಘಾತದ ಅಪಾಯ ಹೆಚ್ಚಾಗಿಯೇ ಉಳಿಯಿತು. ಅದರಲ್ಲೂ ತೀವ್ರ ಸೋರಿಯಾಸಿಸ್ ಇರುವ 30 ವರ್ಷದವರಲ್ಲಿ, ಅದೇ ವಯಸ್ಸಿನ ಬೇರೆಯವರಿಗಿಂತ ಸುಮಾರು ಮೂರು ಪಟ್ಟು. ಈ '30 ವರ್ಷ' ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ. 2013ರಲ್ಲಿ ಹನ್ನೆರಡು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಮೆಟಬಾಲಿಕ್ ಸಿಂಡ್ರೋಮ್ ಇರುವ ಸಾಧ್ಯತೆ ಸೋರಿಯಾಸಿಸ್ ಇರುವವರಲ್ಲಿ ಎರಡು ಪಟ್ಟಿಗೂ ಹೆಚ್ಚು. ಮೆಟಬಾಲಿಕ್ ಸಿಂಡ್ರೋಮ್ ಅಂದರೆ ಹೆದರಬೇಡಿ: ಸೊಂಟದ ಸುತ್ತಳತೆ, ಬಿಪಿ, ಉಪವಾಸದ ಸಕ್ಕರೆ, ಟ್ರೈಗ್ಲಿಸರೈಡ್, ಒಳ್ಳೆಯ ಕೊಲೆಸ್ಟ್ರಾಲ್ ಈ ಐದರಲ್ಲಿ ಮೂರು ಹಳಿ ತಪ್ಪಿದ್ದರೆ ಅದಕ್ಕೆ ಇಟ್ಟ ಹೆಸರು.

ಇದೆಲ್ಲ ಬೆಣ್ಣೆ ಮಾಂಸ ತಿನ್ನುವ ಬಿಳಿಯರ ಕಥೆ ಎಂದು ಹೇಳುವವರು ಸಿಕ್ಕೇ ಸಿಗುತ್ತಾರೆ. ಅವರು 2010ರ ಕಾಶ್ಮೀರದ ಅಧ್ಯಯನ ನೋಡಲಿ. ಭಾರತೀಯ ಚರ್ಮವೈದ್ಯರ ಪತ್ರಿಕೆಯಲ್ಲೇ ಬಂದದ್ದು. ಸೋರಿಯಾಸಿಸ್ ಇದ್ದವರಲ್ಲಿ ಮೆಟಬಾಲಿಕ್ ಸಿಂಡ್ರೋಮ್ ಶೇ. 28.8, ಇಲ್ಲದವರಲ್ಲಿ ಶೇ. 16.7. ಇನ್ನು ಭಾರತೀಯರ ಮೈಕಟ್ಟು ಎಂಥದ್ದು ಅನ್ನುವುದು ಎಲ್ಲರಿಗೂ ಗೊತ್ತು: ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಅದಕ್ಕೇ ನಮ್ಮವರಿಗೆ ಸೊಂಟದ ಗೆರೆಯನ್ನೂ ಬಿಗಿ ಮಾಡಿದ್ದಾರೆ, ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮಧುಮೇಹಿಗಳು 10 ಕೋಟಿ ದಾಟಿದ್ದಾರೆ. ಸೋರಿಯಾಸಿಸ್ ಇರುವವರು ನಮ್ಮ ವಯಸ್ಕರಲ್ಲಿ ಶೇ. 0.44ರಿಂದ 2.8ರವರೆಗೆ ಎಂದು ಬೇರೆ ಬೇರೆ ವರದಿಗಳಿವೆ. ಕಡಿಮೆ ಲೆಕ್ಕವನ್ನೇ ಹಿಡಿದರೂ ಎರಡು ಸಾವಿರ ವಯಸ್ಕರಿರುವ ಊರಿನಲ್ಲಿ ಎಂಟೊಂಬತ್ತು ಜನ. ನಿಮ್ಮ ಊರಿನಲ್ಲಿ ಅವರು ಯಾರು ಅನ್ನುವುದು ನಿಮಗೆ ಈಗಾಗಲೇ ಗೊತ್ತಿರುತ್ತದೆ. ತುಂಬು ತೋಳಿನ ಅಂಗಿ ಹಾಕುವವರು, ಊರಿನ ಕ್ಷೌರದ ಅಂಗಡಿ ಬಿಟ್ಟು ತಾಲ್ಲೂಕಿಗೆ ಹೋಗಿ ಕಟಿಂಗ್ ಮಾಡಿಸುವವರು, ಮದುವೆ ಮನೆಯಲ್ಲಿ ಬಡಿಸಲು ನಿಲ್ಲದವರು.

2014ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಸೋರಿಯಾಸಿಸ್ ಒಂದು ಗಂಭೀರ ಅಸಾಂಕ್ರಾಮಿಕ ರೋಗ ಎಂದು ನಿರ್ಣಯ ಮಾಡಿತು. 2018ರಲ್ಲಿ ಅಮೆರಿಕದ ಹೃದ್ರೋಗ ತಜ್ಞರು ಕೊಲೆಸ್ಟ್ರಾಲ್ ಮಾರ್ಗಸೂಚಿಯಲ್ಲಿ ಸೋರಿಯಾಸಿಸ್ ಅನ್ನು ಹೃದಯದ ಅಪಾಯ ಹೆಚ್ಚಿಸುವ ಅಂಶಗಳ ಪಟ್ಟಿಗೆ ಸೇರಿಸಿದರು. 2019ರಲ್ಲಿ ಅಲ್ಲಿನ ಚರ್ಮವೈದ್ಯರು ತಮ್ಮ ಸೋರಿಯಾಸಿಸ್ ರೋಗಿಗಳ ಬಿಪಿ, ಸಕ್ಕರೆ, ಕೊಬ್ಬು ಪರೀಕ್ಷೆ ಮಾಡಿಸಲೇಬೇಕು ಎಂದು ತಮಗೆ ತಾವೇ ಹೇಳಿಕೊಂಡರು. ನಮ್ಮಲ್ಲೂ ದೊಡ್ಡ ಊರಿನ ಒಳ್ಳೆಯ ಚರ್ಮವೈದ್ಯರು ಇದನ್ನು ಮಾಡುತ್ತಾರೆ. ಅದನ್ನು ನಾವು ಅಲ್ಲಗಳೆಯುತ್ತಿಲ್ಲ. ಪ್ರಶ್ನೆ ಇರುವುದು ಆ ವೈದ್ಯರ ತನಕ ಎಂದೂ ಹೋಗದವರದ್ದು.

ಈಗ ಹಳ್ಳಿಗೆ ಬರೋಣ. ಆಶಾ ಕಾರ್ಯಕರ್ತೆಯರು ಮನೆ ಮನೆಗೆ ತರುವ ಒಂದು ನಮೂನೆ ಇದೆ. ಕಾಗದದಲ್ಲಿ 'ಸಿ-ಬ್ಯಾಕ್' ಅನ್ನುತ್ತಾರೆ, ನಮ್ಮ ಕಡೆ ಅಕ್ಕಂದಿರು 'ಎನ್‌ಸಿಡಿ ಫಾರಂ' ಅನ್ನುವುದೇ ಹೆಚ್ಚು. ಮೂವತ್ತು ದಾಟಿದವರಿಗೆ ಇದನ್ನು ತುಂಬಬೇಕು. ವಯಸ್ಸಿಗೆ ಇಷ್ಟು ಅಂಕ, ಗುಟ್ಕಾ ಬೀಡಿಗೆ ಇಷ್ಟು, ದಿನಾ ಕುಡಿದರೆ ಇಷ್ಟು, ಸೊಂಟ ಇಷ್ಟು ಸೆಂಟಿಮೀಟರ್ ಇದ್ದರೆ ಇಷ್ಟು, ವಾರಕ್ಕೆ 150 ನಿಮಿಷ ಮೈ ಬಗ್ಗಿಸದಿದ್ದರೆ ಇಷ್ಟು, ಅಪ್ಪ ಅವ್ವಂಗೆ ಬಿಪಿ ಶುಗರ್ ಇದ್ದರೆ ಇಷ್ಟು. ಒಟ್ಟು ನಾಲ್ಕು ದಾಟಿದರೆ ಮೊದಲ ಸರದಿಯಲ್ಲಿ ತಪಾಸಣೆಗೆ ಕಳಿಸಬೇಕು. ಒಳ್ಳೆಯ ನಮೂನೆ. ಸರಳವಾಗಿದೆ. ಮಾಡಿದವರಿಗೆ ಹಳ್ಳಿ ಗೊತ್ತಿದೆ.

ಅದೇ ನಮೂನೆಯ ಮುಂದಿನ ಭಾಗದಲ್ಲಿ ಚರ್ಮದ ಪ್ರಶ್ನೆಗಳೂ ಇವೆ. ಸ್ಪರ್ಶ ಇಲ್ಲದ ಮಚ್ಚೆ ಇದೆಯೇ, ಚರ್ಮ ದಪ್ಪವಾಗಿದೆಯೇ, ಗಂಟು ಇದೆಯೇ. ಇವು ಕುಷ್ಠರೋಗಕ್ಕಾಗಿ ಕೇಳುವ ಪ್ರಶ್ನೆಗಳು. ಕೇಳಬೇಕಾದದ್ದೇ. ನಮ್ಮ ಬಳಗದ ಒಬ್ಬರು ಹಾವೇರಿ ಕಡೆಯ ತಮ್ಮ ಊರಿನಲ್ಲಿ ಇದನ್ನು ಕಣ್ಣಾರೆ ನೋಡಿ ಬಂದರು. ಕಟ್ಟೆ ಮೇಲೆ ಕೂತ ನಲವತ್ತರ ಹತ್ತಿರದ ಮನುಷ್ಯ, ಮೊಣಕಾಲ ಕೆಳಗೆ ಅಂಗೈ ಅಗಲದ ಸೋರಿಯಾಸಿಸ್ ಮಚ್ಚೆಗಳು. ಆಶಾ ಅಕ್ಕ ಪೆನ್ನಿನ ತುದಿಯಿಂದ ಮುಟ್ಟಿ ಕೇಳಿದರು.

"ಗೊತ್ತಾಗ್ತೈತೇನ್ ಕಾಕಾ?"

"ಗೊತ್ತಾಗ್ದ ಏನವ್ವಾ, ತುರಿಸಿ ತುರಿಸಿ ಸಾಕಾಗೇತಿ."

"ಹಂಗಾರ ಏನಿಲ್ಲ ಬಿಡ್ರಿ."

'ಇಲ್ಲ' ಅನ್ನುವ ಚೌಕಕ್ಕೆ ಗುರುತು ಬಿತ್ತು. ಎರಡು ನಿಮಿಷದ ಹಿಂದೆ ಅದೇ ಅಕ್ಕ ಅದೇ ಕಾಕಾನ ಸೊಂಟವನ್ನು ಟೇಪಿನಲ್ಲಿ ಅಳೆದು ಬರೆದುಕೊಂಡಿದ್ದರು. ಒಂದೇ ಹಾಳೆ, ಒಂದೇ ಪೆನ್ನು, ಒಂದೇ ಮನುಷ್ಯ. ಚರ್ಮದ ಸಾಲಿಗೆ ಸೊಂಟದ ಸಾಲು ಗೊತ್ತಿಲ್ಲ. ಆಶಾ ಅಕ್ಕನ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಅವರಿಗೆ ಕಲಿಸಿದ್ದೇ ಅಷ್ಟು, ನಮೂನೆ ಕೇಳುವುದೇ ಅಷ್ಟು. ಕುಷ್ಠ ಅಲ್ಲದ ಮಚ್ಚೆಗೆ ಆ ಹಾಳೆಯಲ್ಲಿ ಬೆಲೆ ಇಲ್ಲ. ಸರ್ಕಾರ ಜನರ ಚರ್ಮವನ್ನು ನೋಡುತ್ತಿಲ್ಲ ಎಂದು ನಾವು ದೂರುತ್ತಿಲ್ಲ. ನೋಡುತ್ತಿದೆ, ಮುಟ್ಟಿ ನೋಡುತ್ತಿದೆ, ನೋಡಿ ಮುಂದಕ್ಕೆ ಹೋಗುತ್ತಿದೆ. ಇದಕ್ಕಿಂತ ಸಿಟ್ಟು ಬರಿಸುವ ಸಂಗತಿ ಯಾವುದಿದೆ?

ಆ ಕಾಕಾನಾದರೂ ವಯಸ್ಸು, ಗುಟ್ಕಾ, ಸೊಂಟ ಸೇರಿ ಹೇಗೋ ಐದು ಅಂಕ ಮಾಡಿಕೊಂಡು ತಪಾಸಣೆಗೆ ಹೋಗಬಹುದು. ಆದರೆ ಸೋರಿಯಾಸಿಸ್ ಹೆಚ್ಚಾಗಿ ಶುರುವಾಗುವ ವಯಸ್ಸು ಯಾವುದು? ಇಪ್ಪತ್ತು ಮೂವತ್ತರ ನಡುವೆ ಒಂದು ಅಲೆ, ಐವತ್ತು ಅರವತ್ತರ ನಡುವೆ ಇನ್ನೊಂದು. ಮೊದಲ ಅಲೆಯಲ್ಲಿ ಸಿಕ್ಕವನಿಗೆ ನಮೂನೆಯೇ ಇಲ್ಲ, ಯಾಕೆಂದರೆ ಅವನಿಗೆ ಮೂವತ್ತು ತುಂಬಿಲ್ಲ. 2024ರಲ್ಲಿ ಕೋಲಾರದಿಂದ ಶುರುವಾದ ರಾಜ್ಯದ ಗೃಹ ಆರೋಗ್ಯ ಯೋಜನೆಯೂ ಮೂವತ್ತರ ಗೆರೆಯನ್ನೇ ಇಟ್ಟುಕೊಂಡಿದೆ. ಒಂದು ಲೆಕ್ಕ ಹಾಕಿ ನೋಡಿ. 26 ವರ್ಷದ ಹುಡುಗ, ಗೂಡ್ಸ್ ಗಾಡಿ ಡ್ರೈವರ್, ಏಳು ವರ್ಷದಿಂದ ತಲೆ ಬೆನ್ನು ಮೊಣಕೈಗೆಲ್ಲ ಸೋರಿಯಾಸಿಸ್. ಗುಟ್ಕಾ ಇಲ್ಲ, ಕುಡಿತ ಇಲ್ಲ, ಮನೆಯಲ್ಲಿ ಯಾರಿಗೂ ಶುಗರ್ ಇಲ್ಲ. ಸೊಂಟ 94. ವ್ಯಾಯಾಮ ಇಲ್ಲ. ಒತ್ತಾಯ ಮಾಡಿ ನಮೂನೆ ತುಂಬಿಸಿದರೂ ಸೊಂಟಕ್ಕೆ ಒಂದು, ವ್ಯಾಯಾಮಕ್ಕೆ ಒಂದು, ಒಟ್ಟು ಎರಡೇ ಅಂಕ. ಮನೆಗೆ ಹೋಗಪ್ಪ, ನೀನು ಆರಾಮಾಗಿದ್ದೀಯ. 'ಜಾಮಾ' ಅಧ್ಯಯನ ಹೇಳಿದ್ದು ಎಳೆ ವಯಸ್ಸಿನ, ತೀವ್ರ ರೋಗದವರಲ್ಲೇ ಅಂತರ ದೊಡ್ಡದು ಎಂದು. ನಮ್ಮ ಜರಡಿಯ ತೂತು ಸರಿಯಾಗಿ ಅವರ ಅಳತೆಯದ್ದೇ.

ಈ ಹುಡುಗ ನಮ್ಮ ಕಲ್ಪನೆಯಲ್ಲ, ನಮ್ಮ ಬಳಗದವರೊಬ್ಬರ ಚಿಕ್ಕಮ್ಮನ ಮಗ. ಹೆಸರು ಬೇಡ. ಪಕ್ಕದ ಊರಿನಲ್ಲಿ ಕೂರುವ ಒಬ್ಬ 'ಡಾಕ್ಟರು' ಅವನಿಗೆ ವರ್ಷಗಟ್ಟಲೆ ಸಣ್ಣ ಬಿಳಿ ಮಾತ್ರೆ ಕೊಟ್ಟರು, ಪೊಟ್ಟಣದಲ್ಲಿ ಕಟ್ಟಿ, ಹೆಸರಿಲ್ಲದೆ. ನುಂಗಿದ ವಾರದಲ್ಲಿ ಮೈ ಕನ್ನಡಿ. ಬಿಟ್ಟ ವಾರದಲ್ಲಿ ಮೊದಲಿಗಿಂತ ಜಾಸ್ತಿ. ಅದು ಸ್ಟೀರಾಯ್ಡ್ ಎಂದು ಮನೆಯವರಿಗೆ ತಿಳಿದದ್ದು ಹಾರೆ ತಾಗಿ ಕಾಲಿಗೆ ಆದ ಗಾಯ ತಿಂಗಳಾದರೂ ಒಣಗದೆ ಜಿಲ್ಲೆಗೆ ಕರೆದುಕೊಂಡು ಹೋದಾಗ. ಸಕ್ಕರೆ 290 ಇತ್ತು. ಸೋರಿಯಾಸಿಸ್‌ನಿಂದ ಬಂದ ಸಕ್ಕರೆಯೋ, ಮಾತ್ರೆಯಿಂದ ಬಂದದ್ದೋ, ಡ್ರೈವರ್ ಸೀಟಿನಿಂದಲೋ? ಮೂರೂ ಇರಬಹುದು. ಏಳು ವರ್ಷದಲ್ಲಿ ಅವನ ಮೈಯನ್ನು ಕಡಿಮೆ ಎಂದರೂ ಐದು ಜನ ವೈದ್ಯರು, ವೈದ್ಯರಂಥವರು ನೋಡಿದ್ದರು. ಒಬ್ಬರಾದರೂ ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆದಿದ್ದರೆ ಇದು ನಾಲ್ಕು ವರ್ಷ ಮೊದಲೇ ಗೊತ್ತಾಗುತ್ತಿತ್ತೋ ಏನೋ. ಉಪಕೇಂದ್ರದಲ್ಲಿ ಆ ಪರೀಕ್ಷೆ ಪುಕ್ಕಟೆ.

ಸ್ಟೀರಾಯ್ಡ್ ಮಾತು ಬಂದಿದ್ದಕ್ಕೆ ಇನ್ನೊಂದು. ಬಾಯಿಗೆ ತೆಗೆದುಕೊಂಡ ಸ್ಟೀರಾಯ್ಡ್ ಸಕ್ಕರೆ ಏರಿಸುತ್ತದೆ, ಬಿಪಿ ಏರಿಸುತ್ತದೆ, ಹೊಟ್ಟೆ ಬೆಳೆಸುತ್ತದೆ. ಥಟ್ಟನೆ ನಿಲ್ಲಿಸಿದರೆ ಸೋರಿಯಾಸಿಸ್ ಕೀವು ಗುಳ್ಳೆಗಳಾಗಿ ಮೈಯೆಲ್ಲ ಏಳಬಹುದು, ಅದು ಆಸ್ಪತ್ರೆಗೆ ಸೇರಿಸಬೇಕಾದ ಸ್ಥಿತಿ. ಹಚ್ಚುವ ಸ್ಟೀರಾಯ್ಡ್ ಕ್ರೀಮು ಬೇರೆ, ವೈದ್ಯರು ಹೇಳಿದಷ್ಟು ದಿನ ಹೇಳಿದ ಜಾಗಕ್ಕೆ ಹಚ್ಚಿದರೆ ಒಳ್ಳೆಯ ಔಷಧ. ಆದರೆ ಮೆಡಿಕಲ್ ಶಾಪಿನಲ್ಲಿ 'ತುರಿಕೆಗೆ ಒಂದು ಟ್ಯೂಬ್ ಕೊಡಿ' ಅಂದರೆ ಸಿಗುವ ಮೂರು ನಾಲ್ಕು ಔಷಧ ಕಲಸಿದ ಟ್ಯೂಬ್ ಅದಲ್ಲ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಎಂದು ಶೆಡ್ಯೂಲ್ ಎಚ್‌ಗೆ ಸೇರಿಸಿತು. ನಮ್ಮ ತಾಲ್ಲೂಕಿನ ಯಾವ ಅಂಗಡಿಯಲ್ಲೂ ನಮ್ಮನ್ನು ಚೀಟಿ ಕೇಳಿಲ್ಲ.

ಸಕ್ಕರೆ ಬಿಪಿ ನೋಡುವುದು ಚರ್ಮವೈದ್ಯರಿಗೆ ಹೆಚ್ಚುವರಿ ಹೊರೆ ಎಂದು ಕೆಲವರು ವಾದಿಸುತ್ತಾರೆ. ಒಂದು ದಿನಕ್ಕೆ ನೂರು ರೋಗಿ ನೋಡುವವರಿಗೆ ಸೊಂಟ ಅಳೆಯಲು ಪುರುಸೊತ್ತು ಎಲ್ಲಿದೆ ಅನ್ನುತ್ತಾರೆ. ನೂರು ರೋಗಿ ಅನ್ನುವುದು ನಿಜ. ಆದರೆ ಚರ್ಮಕ್ಕೆ ಔಷಧ ಬರೆಯಲಿಕ್ಕೇ ಈ ಮಾಹಿತಿ ಬೇಕಲ್ಲ! ಸೋರಿಯಾಸಿಸ್‌ಗೆ ಬಡವರ ಔಷಧ ಅಂದರೆ ಮೆಥೋಟ್ರೆಕ್ಸೇಟ್, ವಾರಕ್ಕೊಮ್ಮೆ ನುಂಗುವುದು. (ದಿನಕ್ಕೊಂದು ಎಂದು ತಪ್ಪು ತಿಳಿದು ನುಂಗಿದರೆ ಜೀವಕ್ಕೇ ಅಪಾಯ. ವಾರ ಅನ್ನುವುದನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಕೊಡಿ ಎಂದು ಔಷಧ ಅಂಗಡಿಯವರಲ್ಲಿ ಬೇಡಿಕೆ.) ಸಕ್ಕರೆ, ಬೊಜ್ಜು, ಕುಡಿತ ಇರುವವರಲ್ಲಿ ಈ ಔಷಧದಿಂದ ಯಕೃತ್ತಿಗೆ ಪೆಟ್ಟು ಬೀಳುವ ಅಪಾಯ ಹೆಚ್ಚು. ಸೈಕ್ಲೋಸ್ಪೊರಿನ್ ಬಿಪಿ ಏರಿಸುತ್ತದೆ. ಅಸಿಟ್ರೆಟಿನ್ ಟ್ರೈಗ್ಲಿಸರೈಡ್ ಏರಿಸುತ್ತದೆ. ಅಂದರೆ ಹನ್ನೊಂದನೇ ಕೊಠಡಿಯ ಕೆಲಸ ಸರಿಯಾಗಿ ಆಗಬೇಕಾದರೂ ನಾಲ್ಕನೇ ಕೊಠಡಿಯ ಅಂಕಿ ಬೇಕೇ ಬೇಕು. ಅದನ್ನು ವೈದ್ಯರೇ ಅಳೆಯಬೇಕಿಲ್ಲ. ಸರದಿಯಲ್ಲಿ ಕೂತಿರುವಾಗ ನರ್ಸ್ ಅಳೆದು ಚೀಟಿಯ ತಲೆಯ ಮೇಲೆ ಬರೆದರೆ ಮುಗಿಯಿತು. ಗರ್ಭಿಣಿಯರಿಗೆ ಇದನ್ನು ದಶಕಗಳಿಂದ ಮಾಡುತ್ತಿದ್ದೇವೆ, ತೂಕ ಬಿಪಿ ಇಲ್ಲದೆ ತಾಯಿ ಕಾರ್ಡ್ ಮುಂದಕ್ಕೆ ಹೋಗುವುದಿಲ್ಲ.

ಇನ್ನು ಪಥ್ಯದ ವಿಷಯ. ಇಲ್ಲಿ ನಾವು ಸ್ವಲ್ಪ ಹೊತ್ತು ನಿಲ್ಲಲೇಬೇಕು, ಯಾಕೆಂದರೆ ಮನೆಯಲ್ಲಿ ಜಗಳ ಆಗುವುದೆಲ್ಲ ಇದರ ಮೇಲೆಯೇ. ಸೋರಿಯಾಸಿಸ್ ಬಂದವರಿಗೆ ಊರು ಮೊದಲು ಕೊಡುವ ಸಲಹೆ 'ನಂಜು ಬಿಡು'. ಬದನೆಕಾಯಿ ನಂಜು, ಮೊಟ್ಟೆ ನಂಜು, ಒಣಮೀನು ನಂಜು, ಕೋಳಿ ನಂಜು, ನುಗ್ಗೆ ನಂಜು, ಹುಳಿ ನಂಜು. ಹತ್ತು ವರ್ಷ ಬದನೆಕಾಯಿ ಮುಟ್ಟದವರನ್ನು ನಾವು ನೋಡಿದ್ದೇವೆ. ಬದನೆಕಾಯಿಗೂ ಸೋರಿಯಾಸಿಸ್‌ಗೂ ಇಂಥ ಸಂಬಂಧ ಎಂದು ಯಾರೂ ತೋರಿಸಿಲ್ಲ. ಆ ಹತ್ತು ವರ್ಷವೂ ಅವರು ದಿನಕ್ಕೆ ಐದು ಸಲ ಸಕ್ಕರೆ ಚಹಾ ಕುಡಿದಿದ್ದಾರೆ, ಸಂಜೆ ಮಂಡಕ್ಕಿ ಮಿರ್ಚಿ ತಿಂದಿದ್ದಾರೆ, ಬೇಕರಿಯ ಬನ್ನು, ಬೆಣ್ಣೆ ಬಿಸ್ಕತ್ತು ತಿಂದಿದ್ದಾರೆ. ಅದು ನಂಜಿನ ಪಟ್ಟಿಯಲ್ಲಿ ಇಲ್ಲ. ಮೊಟ್ಟೆ ಮೀನು ಬಿಟ್ಟ ಜಾಗವನ್ನು ತುಂಬುವುದು ಇನ್ನೊಂದು ಸೌಟು ಅನ್ನ. ಹೀಗೆ ಪಥ್ಯದ ಹೆಸರಿನಲ್ಲಿ ತಟ್ಟೆಯಿಂದ ಹೋಗುವುದು ಪ್ರೋಟೀನು, ಬರುವುದು ಪಿಷ್ಟ. ಕಟ್ಟುನಿಟ್ಟಿನ ಪಥ್ಯ ಮಾಡಿಯೂ ಸೊಂಟ ಬೆಳೆದದ್ದು ಹೇಗೆ ಎಂದು ಅವರೇ ನಮ್ಮನ್ನು ಕೇಳುತ್ತಾರೆ. ಪಥ್ಯ ಪಾಲಿಸುವ ಶಿಸ್ತು ನಮ್ಮ ಜನರಲ್ಲಿ ಇದೆ, ಆಶ್ಚರ್ಯವಾಗುವಷ್ಟು ಇದೆ. ಆ ಶಿಸ್ತನ್ನು ಬದನೆಕಾಯಿ ಮೇಲೆ ಖರ್ಚು ಮಾಡಿಸುತ್ತಿರುವುದು ಅನ್ಯಾಯ. ರಾಗಿ ಜೋಳದ ಕಡೆ, ಕಾಳು ಸೊಪ್ಪಿನ ಕಡೆ, ಚಹಾದ ಸಕ್ಕರೆಯ ಕಡೆ ತಿರುಗಿಸಿ ಎಂದು ಹೇಳಲು ದೊಡ್ಡ ತಜ್ಞರೇ ಬೇಕೇ?

ಹಾಗೆಂದು ನಾವು 'ತೂಕ ಇಳಿಸು, ರೋಗ ಹೋಗುತ್ತದೆ' ಅನ್ನುವ ಗುಂಪಿನವರೂ ಅಲ್ಲ. ಅದು ಇನ್ನೊಂದು ಬಗೆಯ ಕ್ರೌರ್ಯ. ಸಣಕಲು ಜನರಿಗೂ ಸೋರಿಯಾಸಿಸ್ ಬರುತ್ತದೆ, ದಪ್ಪ ಜನರಲ್ಲಿ ಹೆಚ್ಚಿನವರಿಗೆ ಬರುವುದಿಲ್ಲ. ರೋಗಕ್ಕೆ ವಂಶವಾಹಿ ಕಾರಣ ಇದೆ, ಗಂಟಲು ಸೋಂಕು, ಬೀಡಿ ಸಿಗರೇಟು, ಕುಡಿತ, ಮನಸ್ಸಿನ ಒತ್ತಡ, ಕೆಲವು ಔಷಧಗಳು ಇದನ್ನು ಕೆರಳಿಸುತ್ತವೆ. ತೂಕ ಇಳಿಸಿದರೆ ಉಪಯೋಗ ಇದೆಯೇ? ಇದೆ. ಡೆನ್ಮಾರ್ಕಿನಲ್ಲಿ ಬೊಜ್ಜು ಇರುವ 60 ಸೋರಿಯಾಸಿಸ್ ರೋಗಿಗಳ ಮೇಲೆ 16 ವಾರ ನಡೆಸಿದ, 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಡಿಮೆ ಕ್ಯಾಲರಿಯ ಊಟ ಮಾಡಿದವರ ಬದುಕಿನ ನೆಮ್ಮದಿ ಸ್ಪಷ್ಟವಾಗಿ ಸುಧಾರಿಸಿತು; ಮಚ್ಚೆಗಳೂ ಇಳಿಮುಖವಾದವು, ಆದರೆ ಗಟ್ಟಿಯಾಗಿ ಸಾಬೀತಾಯಿತು ಅನ್ನುವಷ್ಟಲ್ಲ. ಸೋರಿಯಾಸಿಸ್‌ಗೆ ಔಷಧ ತೆಗೆದುಕೊಂಡರೆ ಹೃದಯಾಘಾತ ತಪ್ಪುತ್ತದೆ ಅನ್ನುವುದೂ ಇನ್ನೂ ಖಚಿತವಾಗಿಲ್ಲ. ಸೌಮ್ಯ ಸೋರಿಯಾಸಿಸ್ ಇರುವವರಲ್ಲಿ ಅಪಾಯ ಅಷ್ಟೇನೂ ಏರುವುದಿಲ್ಲ. ಇದನ್ನೆಲ್ಲ ಮುಚ್ಚಿಟ್ಟು ಹೆದರಿಸುವ ಕೆಲಸ ಲಾಡ್ಜಿನ ವೈದ್ಯರದ್ದು. ನಮಗೆ ಬೇಕಿರುವುದು ಸಣ್ಣ ಸಂಗತಿ: ಅಪಾಯ ಹೆಚ್ಚು ಎಂದು ಗೊತ್ತಿರುವವರ ಸಕ್ಕರೆ, ಬಿಪಿ, ಸೊಂಟ ನೋಡಿ. ಬಿಪಿ ಸಿಕ್ಕರೆ ಬಿಪಿಗೆ ಔಷಧವಿದೆ, ಸಕ್ಕರೆ ಸಿಕ್ಕರೆ ಸಕ್ಕರೆಗೆ ಔಷಧವಿದೆ, ಎರಡೂ ಸರ್ಕಾರದ ಉಗ್ರಾಣದಲ್ಲೇ ಇವೆ.

ವ್ಯಾಯಾಮ ಮಾಡಿ ಅನ್ನುವವರಿಗೂ ಒಂದು ಮಾತು. ಮೈಮೇಲೆ ಮಚ್ಚೆ ಇರುವ ಹೆಂಗಸು ಬೆಳಗ್ಗೆ ಎದ್ದು ಊರ ರಸ್ತೆಯಲ್ಲಿ ವಾಕಿಂಗ್ ಹೋಗುತ್ತಾಳೆಯೇ? ಅವಳು ನಲ್ಲಿ ಹತ್ತಿರ ಕೂಡ ಜನ ಇಲ್ಲದ ಹೊತ್ತು ನೋಡಿ ಹೋಗುತ್ತಾಳೆ. ಮದುವೆಯಾಗುವವರೆಗೆ ಅವ್ವ ಮುಚ್ಚಿಟ್ಟಳು, ಮದುವೆಯಾದ ಮೇಲೆ ಅತ್ತೆಯಿಂದ ಇವಳು ಮುಚ್ಚಿಡುತ್ತಾಳೆ. ಆಶಾ ಅಕ್ಕ ಸೀರೆ ಮೇಲೆಯೇ ಟೇಪು ಸುತ್ತಿ ಹೋಗುತ್ತಾರೆ, ಸೆರಗಿನ ಕೆಳಗೆ ಏನಿದೆ ಎಂದು ಕೇಳುವ ಸಾಲು ಹಾಳೆಯಲ್ಲಿಲ್ಲ. ಮನಸ್ಸು ಕುಗ್ಗಿ ಮನೆಯೊಳಗೇ ಉಳಿದು ತಿಂದು ಮಲಗಿದ್ದಕ್ಕೆ ಆಮೇಲೆ ವೈದ್ಯರು ಅವಳನ್ನೇ ಗದರುತ್ತಾರೆ.

ಕೊನೆಗೆ ನಮ್ಮ ಕಸುಬಿನವರಿಗೆ. 1954ರ ಮಾಂತ್ರಿಕ ಪರಿಹಾರ ಜಾಹೀರಾತು ಕಾಯ್ದೆ ಮಧುಮೇಹ, ಬೊಜ್ಜು, ರಕ್ತದೊತ್ತಡ, ತೊನ್ನು ಗುಣ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದನ್ನು ತಡೆಯುತ್ತದೆ. ಎಪ್ಪತ್ತು ವರ್ಷ ದಾಟಿದ ಕಾಯ್ದೆ. ಅದನ್ನು ಪತ್ರಿಕೋದ್ಯಮ ತರಗತಿಯಲ್ಲಿ ನಮಗೂ ಕಲಿಸಿದರು, ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದೆವು. ಇವತ್ತು ಆ ಜಾಹೀರಾತು ಹಾಕುವ ಪತ್ರಿಕೆಗಳಲ್ಲಿ ಉಪಸಂಪಾದಕರಾಗಿ ನಮ್ಮ ಸಹಪಾಠಿಗಳೇ ಇದ್ದಾರೆ. ಜಾಹೀರಾತು ವಿಭಾಗ ನಮ್ಮ ಕೈಯಲ್ಲಿಲ್ಲ ಅನ್ನುತ್ತಾರೆ. ಇರಲಿ. ಆರೋಗ್ಯ ಪುರವಣಿ ಯಾರ ಕೈಯಲ್ಲಿದೆ? ಮುಂದಿನ ಸಲ ಸೋರಿಯಾಸಿಸ್ ಪ್ರಶ್ನೆ ಬಂದಾಗ ಉತ್ತರದ ಕೊನೆಗೆ 'ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ಕೂಡ ಪರೀಕ್ಷಿಸಿಕೊಳ್ಳಿ' ಎಂಬ ಒಂದು ಸಾಲು ಸೇರಿಸಲು ಯಾವ ಮಾಲೀಕರೂ ಬೇಡ ಅನ್ನಲಾರರು.

ಅಕ್ಟೋಬರ್ 29 ವಿಶ್ವ ಸೋರಿಯಾಸಿಸ್ ದಿನ. ಆವತ್ತು ನಾವು ನಮ್ಮ ನಮ್ಮ ತಾಲ್ಲೂಕಿನ ಆರೋಗ್ಯಾಧಿಕಾರಿಗಳಿಗೆ ಒಂದು ಪುಟದ ಮನವಿ ಕೊಡುತ್ತೇವೆ. ಕೇಳುವುದು ಇಷ್ಟು: ಎನ್‌ಸಿಡಿ ನಮೂನೆಯ ಚರ್ಮದ ಸಾಲುಗಳ ಕೆಳಗೆ 'ಬಿಳಿ ಹೊಟ್ಟು ಏಳುವ, ಬಹುಕಾಲದ ಕೆಂಪು ಮಚ್ಚೆ' ಎಂಬ ಒಂದು ಸಾಲು ಕೈಯಲ್ಲಾದರೂ ಬರೆದುಕೊಳ್ಳಲು ಆಶಾ ಸಭೆಯಲ್ಲಿ ಹೇಳಿ, ಆ ಸಾಲಿಗೆ 'ಹೌದು' ಬಂದರೆ ವಯಸ್ಸು ಹದಿನೆಂಟಾದರೂ ಅಂಕ ಎರಡಾದರೂ ಬಿಪಿ ಸಕ್ಕರೆ ನೋಡಲು ಉಪಕೇಂದ್ರಕ್ಕೆ ಕಳಿಸಿ, ಆಸ್ಪತ್ರೆಯ ಚರ್ಮದ ಕೊಠಡಿ ಹೊರಗೆ ಒಂದು ಬಿಪಿ ಯಂತ್ರ, ಒಂದು ಟೇಪು ಇಡಿ. ಮನವಿಯ ಕರಡು ತಯಾರಿದೆ. ನಿಮ್ಮ ತಾಲ್ಲೂಕಿಗೂ ಬೇಕಿದ್ದರೆ ಕೇಳಿ, ಊರಿನ ಹೆಸರು ಬದಲಿಸಿ ಕಳಿಸುತ್ತೇವೆ.